ಪರದೇಶಕ್ಕೆ ಅತಿಥಿಯಾಗಿ ಹೋಗುವ ಬಗೆ: ತುಂಗಭದ್ರೆಯ ದಂಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಗಂಗಾವತಿಯಲ್ಲಿರುವ ನನ್ನ ಮನೆಯಿಂದ ಆನೆಗೊಂದಿ ಅರ್ಧ ಗಂಟೆಯ ಹಾದಿ. ಹೊಳೆಯ ಆಚೆ ದಂಡೆಗೆ ಹಂಪಿ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಕೊಪ್ಪಳ, ಬಳ್ಳಾರಿ ಸೀಮೆಯ ನಮಗೆ ಪರದೇಶದವರು ಅಪರೂಪದವರಾಗಿ ಉಳಿಯಲಿಲ್ಲ. ಅವರು ಗದ್ದೆಯ ಬದುವಿನ ಮೇಲೆ ನಡೆಯುವುದನ್ನು, ಹರಿಗೋಲಿನಲ್ಲಿ ಹೊಳೆ ದಾಟುವುದನ್ನು ನೋಡುತ್ತಲೇ ಬೆಳೆದ ನಾವು, ನಮಗೆ ಅರಿವಿಲ್ಲದೆಯೇ ಅವರನ್ನು ತೂಗಿಯೂ ನೋಡಿದ್ದೇವೆ. ಗುಡಿಯ ಬಾಗಿಲಲ್ಲಿ ಹೇಳಿಸಿಕೊಳ್ಳದೆ ಚಪ್ಪಲಿ ಬಿಟ್ಟವರು ಯಾರು, ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಚಿತ್ರವನ್ನು ಕೇಳದೆ ತೆಗೆದವರು ಯಾರು, ಕೊಟ್ಟ ರೊಟ್ಟಿಯನ್ನು ಖಾರಕ್ಕೆ ಕಣ್ಣೀರು ಸುರಿಸುತ್ತಲೇ ತಿಂದು ಮುಗಿಸಿದವರು ಯಾರು, ಮೂಗು ಮುರಿದು ಪಕ್ಕಕ್ಕಿಟ್ಟವರು ಯಾರು ಎಂಬುದನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರು ಗುರುತಿಸಿ, ಅವರವರಿಗೆ ತಕ್ಕ ಬೆಲೆ ಕಟ್ಟಿಬಿಡುತ್ತಿದ್ದರು.

ಪರದೇಶಕ್ಕೆ ಹೊರಟಾಗ ತಕ್ಕಡಿಯಲ್ಲಿ ಕೂರುವ ಸರದಿ ನಮ್ಮದಾಗುತ್ತದೆ. ನಾವು ಬಂದವರನ್ನು ಯಾವ ಕಲ್ಲಿನಿಂದ ತೂಗಿದೆವೋ ಅದೇ ಕಲ್ಲನ್ನು ನೆನಪಿನಲ್ಲಿಟ್ಟುಕೊಂಡು ನಡೆಯುವುದು ಹೇಗೆ ಎಂಬುದನ್ನು ಮುಂದಿನ ಹಂತಗಳಲ್ಲಿ ವಿವರಿಸಿದ್ದೇನೆ. ಕಾಗದಪತ್ರಗಳ ವಿಷಯವೂ ಇದರಲ್ಲಿದೆ, ಏಕೆಂದರೆ ಅಲ್ಲಿ ತಪ್ಪಿದರೆ ಸಂಸ್ಕೃತಿಯ ಮಾತು ವಿಮಾನ ನಿಲ್ದಾಣದಲ್ಲೇ ಮುಗಿದುಹೋಗುತ್ತದೆ.

ಒಂದನೆಯ ಹಂತ: ದೇಶವನ್ನಲ್ಲ, ಮೊದಲು ಎಳೆಯೊಂದನ್ನು ಹುಡುಕಿಕೊಳ್ಳಿ

ಒಂಬತ್ತು ದಿನಗಳಲ್ಲಿ ಏಳು ದೇಶ ತೋರಿಸುವ ಪ್ಯಾಕೇಜುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದರಲ್ಲಿ ಬಸ್ಸಿನ ಕಿಟಕಿಯ ಪರಿಚಯ ಚೆನ್ನಾಗಿ ಆಗುತ್ತದೆ, ಅಷ್ಟೇ. ಒಂದು ದೇಶ, ಅದರಲ್ಲಿ ಎರಡು ಊರು, ಕನಿಷ್ಠ ಹತ್ತು ದಿನ ಎಂಬ ಲೆಕ್ಕ ಇಟ್ಟುಕೊಳ್ಳಿ. ಆ ದೇಶವನ್ನು ಆರಿಸುವಾಗ ನಮ್ಮ ನೆಲಕ್ಕೂ ಅದಕ್ಕೂ ಇರುವ ಎಳೆಯೊಂದನ್ನು ಹಿಡಿದುಕೊಂಡರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ರಾಯಚೂರು ಜಿಲ್ಲೆಯವರಿಗೆ ಶ್ರೀಲಂಕಾ ಒಳ್ಳೆಯ ಆರಂಭ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇದೆ. ಅದೇ ಕಾಲದಲ್ಲಿ ಲಂಕೆಯಲ್ಲಿ ಆಳುತ್ತಿದ್ದ ಅರಸನ ಹೆಸರು ದೇವಾನಂಪಿಯ ತಿಸ್ಸ. ಅಶೋಕನ ಮಗ ಮಹಿಂದ ಮಿಹಿಂತಲೆಯ ಬೆಟ್ಟದಲ್ಲಿ ಆ ಅರಸನನ್ನು ಭೇಟಿಯಾದನೆಂದೂ ಮಗಳು ಸಂಘಮಿತ್ತೆ ತಂದ ಬೋಧಿಯ ಕೊಂಬೆಯೇ ಅನುರಾಧಪುರದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆಯೆಂದೂ ಅಲ್ಲಿನವರು ನಂಬುತ್ತಾರೆ. ಮಸ್ಕಿಯ ಬಂಡೆಯನ್ನೋ ಕೊಪ್ಪಳದ ಗವಿಮಠದ ಶಾಸನವನ್ನೋ ಒಮ್ಮೆ ನೋಡಿಬಂದು ಆಮೇಲೆ ಅನುರಾಧಪುರದ ಮರದ ಕೆಳಗೆ ನಿಂತವರಿಗೆ ಆ ಊರು ಪರಸ್ಥಳವೆನಿಸುವುದಿಲ್ಲ.

ಭತ್ತ ಬೆಳೆಯುವ ನಮ್ಮ ಕಾಲುವೆ ಸೀಮೆಯವರಿಗಾದರೆ ನಾನು ಹೇಳುವುದು ಇಂಡೊನೇಷ್ಯಾದ ಬಾಲಿ. ಕಾಲುವೆಯ ಮೇಲ್ಭಾಗದವರು ನೀರು ಹಿಡಿದಿಟ್ಟುಕೊಂಡರು, ಕೊನೆಯ ಭಾಗದವರ ಗದ್ದೆ ಒಣಗಿತು ಎಂಬ ಜಗಳ ತುಂಗಭದ್ರಾ ಎಡದಂಡೆಯಲ್ಲಿ ಯಾರಿಗೆ ಗೊತ್ತಿಲ್ಲ? ಬಾಲಿಯ ರೈತರು ಇದಕ್ಕೆ ‘ಸುಬಕ್’ ಎಂಬ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಯಾರ ಗದ್ದೆಗೆ ಯಾವಾಗ ನೀರು, ಎಲ್ಲರೂ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬಿಡುವು ಬಿಡಬೇಕು ಎಂಬುದು ನೀರಿನ ಗುಡಿಗಳ ಸುತ್ತ ನಡೆಯುವ ಸಭೆಗಳಲ್ಲಿ ತೀರ್ಮಾನವಾಗುತ್ತದೆ. 1970ರ ದಶಕದಲ್ಲಿ ಹೊಸ ತಳಿಗಳು ಬಂದು, ಪ್ರತಿಯೊಬ್ಬರೂ ತಮಗೆ ತೋಚಿದಂತೆ ಮೇಲಿಂದ ಮೇಲೆ ನಾಟಿ ಮಾಡತೊಡಗಿದಾಗ ಬಿಡುವಿನ ಕಾಲವೇ ಇಲ್ಲದಾಗಿ ಕೀಟಬಾಧೆ ಹೆಚ್ಚಿತು. ಗುಡಿಯ ವೇಳಾಪಟ್ಟಿಗೆ ಎಷ್ಟು ಅರ್ಥವಿತ್ತೆಂಬುದು ಆಗ ಅಧಿಕಾರಿಗಳಿಗೂ ತಿಳಿಯಿತು. 2012ರಲ್ಲಿ ಈ ಸುಬಕ್ ವ್ಯವಸ್ಥೆಯ ನೆಲವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜಾತಿಲುವಿಯ ಮೆಟ್ಟಿಲುಗದ್ದೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ತೂಬು ಎಂದರೇನೆಂದು ತಿಳಿದಿರುವುದಿಲ್ಲ, ನಮಗೆ ತಿಳಿದಿದೆ. ಅಲ್ಲಿನ ರೈತನೊಬ್ಬನ ಜೊತೆ ಒಂದು ಗಂಟೆ ಕುಳಿತುಕೊಳ್ಳಲು ಇಷ್ಟು ಸಾಕು.

ಹನುಮ ಹುಟ್ಟಿದನೆಂದು ನಂಬುವ ಅಂಜನಾದ್ರಿಯ ಬೆಟ್ಟ ಹತ್ತಿ ಬೆಳೆದವರು ಥಾಯ್ಲೆಂಡಿಗೆ ಹೋಗಬಹುದು. ಬ್ಯಾಂಕಾಕಿನ ಅರಮನೆಯ ಆವರಣದ ಪಚ್ಚೆ ಬುದ್ಧನ ಗುಡಿಯ ಪ್ರಾಕಾರದ ಗೋಡೆಗಳ ಮೇಲೆ ‘ರಾಮಕಿಯೆನ್’ ಎಂಬ ಅವರ ರಾಮಾಯಣ ಉದ್ದಕ್ಕೂ ಚಿತ್ರಿತವಾಗಿದೆ. ಜೋಳದ ರೊಟ್ಟಿಯ ಮೂಲ ಹುಡುಕುವವರು ಆಫ್ರಿಕಾದತ್ತ ನೋಡಬೇಕು. ಜೋಳವನ್ನು ಮೊದಲು ಬೆಳೆಗೆ ತಂದದ್ದು ಇಂದಿನ ಸೂಡಾನಿನ ಪೂರ್ವಭಾಗದಲ್ಲಿ, ಮತ್ತು ಆ ದೇಶದ ಕಿಸ್ರಾ ಎಂಬ ತೆಳುವಾದ ರೊಟ್ಟಿ ಇಂದಿಗೂ ಜೋಳದ ಹಿಟ್ಟಿನದೇ.

ಎರಡನೆಯ ಹಂತ: ಪಾಸ್‌ಪೋರ್ಟ್, ಅದರಲ್ಲೂ ನಿಮ್ಮ ಹೆಸರು

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ ಕಟ್ಟಿ, ಭೇಟಿಯ ದಿನ ಗೊತ್ತುಮಾಡಿಕೊಂಡು ಸೇವಾ ಕೇಂದ್ರಕ್ಕೆ ಮೂಲ ದಾಖಲೆಗಳೊಡನೆ ಹೋಗುವುದು, ಆಮೇಲೆ ಪೊಲೀಸ್ ಪರಿಶೀಲನೆ ಮುಗಿಸಿಕೊಳ್ಳುವುದು, ಇಷ್ಟರಲ್ಲಿ ಕಷ್ಟವಾದದ್ದೇನೂ ಇಲ್ಲ. ವಯಸ್ಕರ ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಬೇಕು. ಹತ್ತನೆಯ ತರಗತಿಯ ಅಂಕಪಟ್ಟಿ ಇದ್ದವರು ಅದನ್ನು ತಪ್ಪದೆ ಒಯ್ಯಬೇಕು.

ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಬರೀ ‘ಯಂಕಪ್ಪ’ ಎಂದಿರುತ್ತದೆ, ಆಧಾರಿನಲ್ಲಿ ತಂದೆಯ ಹೆಸರು ಸೇರಿರುತ್ತದೆ, ಪಹಣಿಯಲ್ಲಿ ಮನೆತನದ ಅಡ್ಡಹೆಸರು ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರಿಗೊಂದು, ಅಡ್ಡಹೆಸರಿಗೊಂದು ಎಂದು ಎರಡು ಬೇರೆ ಸಾಲುಗಳಿವೆ. ಒಂದನ್ನು ಖಾಲಿ ಬಿಟ್ಟರೆ ಮುಂದೆ ಅದೇ ಕಂಟಕವಾಗಬಹುದು. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗರ ಪ್ರವೇಶಕ್ಕೆ ತಡೆ ಹಾಕಿದ್ದು ಇದಕ್ಕೆ ಉದಾಹರಣೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಗಳ ಹೆಸರನ್ನು ಒಂದೇ ಕ್ರಮಕ್ಕೆ ತರಬೇಕು. ಟಿಕೆಟ್ಟಿನ ಮೇಲಿನ ಹೆಸರೂ ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನನ್ನ ಮೊದಲ ಪ್ರಯಾಣದಲ್ಲಿ ಟಿಕೆಟ್ ಮಾಡಿಸಿಕೊಟ್ಟವರು ಅಡ್ಡಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದರು. ಅದನ್ನು ಸರಿಪಡಿಸುವುದರಲ್ಲಿ ಒಂದು ಇಡೀ ದಿನವೂ ಸಾಕಷ್ಟು ಹಣವೂ ಹೋದವು.

ಹುಟ್ಟಿದ ಜಿಲ್ಲೆಯ ವಿಷಯದಲ್ಲಿ ಗಾಬರಿಯಾಗಬೇಕಿಲ್ಲ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ವಿಜಯನಗರ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ, ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ ಬದಲಾದದ್ದು 2014ರಲ್ಲಿ. ಹಳೆಯ ದಾಖಲೆ ಒಂದು ಹೇಳಿ ಹೊಸ ದಾಖಲೆ ಇನ್ನೊಂದು ಹೇಳುವುದು ಸಹಜ. ಎರಡನ್ನೂ ಜೊತೆಗಿಟ್ಟುಕೊಂಡು ವಿವರಿಸಿದರೆ ಆಯಿತು.

ಮೂರನೆಯ ಹಂತ: ವೀಸಾ ಮತ್ತು ಪ್ರವೇಶದ ನಿಯಮ

ಅನೇಕ ದೇಶಗಳು ನೀವು ಕಾಲಿಡುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಪಾಸ್‌ಪೋರ್ಟಿನಲ್ಲಿ ಉಳಿದಿರಬೇಕೆಂದು ಕೇಳುತ್ತವೆ. ನೇಪಾಳ ಮತ್ತು ಭೂತಾನಕ್ಕೆ ನಮಗೆ ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಆದರೆ ಭೂತಾನದಲ್ಲಿ ಭಾರತೀಯರು ರಾತ್ರಿಗೆ 1,200 ರೂಪಾಯಿಯಂತೆ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಪ್ರವೇಶ ಕೊಡತೊಡಗಿತು. ಥಾಯ್ಲೆಂಡಿಗೆ ಹೋಗುವವರು 2025ರ ಮೇ 1ರಿಂದ ಆಗಮನದ ಡಿಜಿಟಲ್ ಚೀಟಿಯನ್ನು ಮುಂಚಿತವಾಗಿ ತುಂಬಬೇಕಾಗಿದೆ. ಬಾಲಿಗೆ 5 ಲಕ್ಷ ರುಪಿಯಾದ ಆಗಮನ ವೀಸಾದ ಜೊತೆಗೆ 2024ರ ಫೆಬ್ರುವರಿಯಿಂದ ಒಂದೂವರೆ ಲಕ್ಷ ರುಪಿಯಾದ ಪ್ರವಾಸಿ ಶುಲ್ಕವಿದೆ; ಲಕ್ಷವೆಂದು ಎದೆ ಹಿಡಿದುಕೊಳ್ಳಬೇಡಿ, ಅದು ನಮ್ಮ ಸಾವಿರಗಳಲ್ಲೇ ಮುಗಿಯುವ ಮೊತ್ತ. ಇಂತಹ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಮತ್ತೊಮ್ಮೆ ನೋಡಲೇಬೇಕು.

ಯುರೋಪಿನ 29 ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾಗುವುದರಿಂದ ಮೂರು ತಿಂಗಳು ಮೊದಲೇ ತೊಡಗಿ.

ಇಥಿಯೋಪಿಯಾದಂತಹ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರವಿಲ್ಲದೆ ಹಿಂತಿರುಗಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಪ್ರವಾಸಿ ವೀಸಾದಲ್ಲಿ ಕರೆದೊಯ್ದು ಅಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಹಾಗೆ ಹೋದ ಎಷ್ಟೋ ಭಾರತೀಯ ಯುವಕರು ಮ್ಯಾನ್ಮಾರ್, ಕಾಂಬೋಡಿಯಾಗಳ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಲುಕಿದ್ದಾರೆ.

ನಾಲ್ಕನೆಯ ಹಂತ: ಹಣ

ಕೈಯಲ್ಲಿ ಸ್ವಲ್ಪ ಆ ದೇಶದ ನಗದು, ಮೊದಲೇ ವಿದೇಶಿ ಹಣ ತುಂಬಿಸಿಕೊಂಡ ಒಂದು ಫಾರೆಕ್ಸ್ ಕಾರ್ಡ್, ಆಪತ್ತಿಗೆ ಬೇರೊಂದು ಬ್ಯಾಂಕಿನ ಕಾರ್ಡ್, ಈ ಮೂರನ್ನು ಮೂರು ಬೇರೆ ಕಡೆ ಇಟ್ಟುಕೊಳ್ಳಿ. ವಿದೇಶಿ ನೋಟುಗಳನ್ನು ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರ್ ಮೌಲ್ಯದವರೆಗೆ, ಭಾರತದ ರೂಪಾಯಿಯನ್ನು 25,000ದವರೆಗೆ ಒಯ್ಯಬಹುದು. ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರವು ರೂಪಾಯಿಯಲ್ಲಿ ಕೊಡುತ್ತೀರೋ ಸ್ಥಳೀಯ ಹಣದಲ್ಲೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಆರಿಸಿ. ರೂಪಾಯಿ ಕಂಡು ಖುಷಿಪಟ್ಟವರು ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತಾರೆ. ಪ್ಯಾಕೇಜಿನ ಮೇಲೆ ಮೂಲದಲ್ಲೇ ಹಿಡಿಯುವ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಂಡಿರಿ.

ಐದನೆಯ ಹಂತ: ಹೊರಡುವ ಮೊದಲಿನ ಮನೆಪಾಠ

ಹೋಗುವ ದೇಶದ ಹಬ್ಬಗಳ ದಿನಗಳನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿಯಬೇಕು. ಬಾಲಿಯ ಹಿಂದೂಗಳ ಶಕ ವರ್ಷದ ಮೊದಲ ದಿನವನ್ನು ‘ನ್ಯೆಪಿ’ ಎನ್ನುತ್ತಾರೆ. ನಮ್ಮ ಪಂಚಾಂಗದ ಶಾಲಿವಾಹನ ಶಕೆಯ ಎಣಿಕೆಯೇ ಅವರದೂ. 2025ರಲ್ಲಿ ಆರಂಭವಾದ ವರ್ಷ ನಮಗೂ 1947, ಅವರಿಗೂ 1947. ಆದರೆ ನಾವು ಎಣ್ಣೆಸ್ನಾನ ಮಾಡಿ ಬೇವು ಬೆಲ್ಲ ಹಂಚಿ ಊರು ತಿರುಗಿದರೆ, ಅವರು ಒಲೆ ಹಚ್ಚುವುದಿಲ್ಲ, ದೀಪ ಬೆಳಗುವುದಿಲ್ಲ, ಮನೆಯಿಂದ ಹೊರಗೆ ಬರುವುದಿಲ್ಲ. ಆ 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ; ಪ್ರವಾಸಿಗರೂ ತಂಗಿದಲ್ಲೇ ಇರಬೇಕು, ಬೀದಿಯಲ್ಲಿ ಕಾವಲುಗಾರರಿರುತ್ತಾರೆ. ಇದನ್ನು ತಿಳಿಯದೆ ಹೋದವರು ಒಂದು ದಿನ ಹಾಳಾಯಿತೆಂದು ಕೊರಗುತ್ತಾರೆ. ತಿಳಿದು ಹೋದವರು ಹಿಂದಿನ ಸಂಜೆ ‘ಒಗೊಹ್ ಒಗೊಹ್’ ಎಂಬ ಭೂತಾಕಾರದ ಬೊಂಬೆಗಳ ಮೆರವಣಿಗೆ ನೋಡಿ, ಮರುದಿನ ಕತ್ತಲಲ್ಲಿ ಇಡೀ ದ್ವೀಪ ಉಸಿರು ಬಿಗಿಹಿಡಿದು ಕುಳಿತಿರುವುದನ್ನು ಕೇಳಿಸಿಕೊಳ್ಳುತ್ತಾರೆ. ರಂಜಾನ್ ತಿಂಗಳಲ್ಲಿ ಅರಬ್ ದೇಶಗಳ ಹಗಲು, ಏಪ್ರಿಲ್ 13ರಿಂದ 15ರವರೆಗೆ ಥಾಯ್ಲೆಂಡಿನ ಸೋಂಗ್‌ಕ್ರಾನ್ ನೀರಾಟ, ಶ್ರೀಲಂಕಾದಲ್ಲಿ ಮದ್ಯ ಮಾರದ ಪ್ರತಿ ಹುಣ್ಣಿಮೆಯ ‘ಪೋಯ’ ದಿನ, ಇವೆಲ್ಲ ಹೀಗೆಯೇ ಮೊದಲೇ ಗುರುತು ಹಾಕಿಕೊಳ್ಳಬೇಕಾದ ದಿನಗಳು.

ಭಾಷೆಯಲ್ಲಿ ಐದು ಮಾತು ಸಾಕು: ನಮಸ್ಕಾರ, ಧನ್ಯವಾದ, ಕ್ಷಮಿಸಿ, ಎಷ್ಟು, ಸಾಕು. ಸಿಂಹಳದ ‘ಇಸ್ತೂತಿ’ ಎಂಬ ಧನ್ಯವಾದದಲ್ಲಿ ನಮ್ಮ ‘ಸ್ತುತಿ’ಯೇ ಇದೆ, ಇಂಡೊನೇಷ್ಯಾದವರಿಗೆ ‘ಬಹಾಸಾ’ ಎಂದರೆ ಭಾಷೆ, ‘ಗುರು’ ಎಂದರೆ ಗುರುವೇ. ವಿಯೆಟ್ನಾಮಿನಲ್ಲಿ ಪರಿಚಯವಾದ ತಕ್ಷಣ ವಯಸ್ಸು ಕೇಳಿದರೆ ಬೇಸರಿಸಬೇಡಿ: ನಾವು ಅಣ್ಣ, ಅಕ್ಕ, ತಮ್ಮ ಎಂದು ಕರೆಯುವಂತೆ ಅವರ ಮಾತೂ ವಯಸ್ಸು ತಿಳಿಯದೆ ಮುಂದೆ ಸಾಗುವುದಿಲ್ಲ.

ಆರನೆಯ ಹಂತ: ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ನಮ್ಮ ಮನೆಗಳಲ್ಲಿ ಪರದೇಶಕ್ಕೆ ಹೊರಟವರಿಗೆ ಬುತ್ತಿ ಕಟ್ಟುವ ಸಂಭ್ರಮ ದೊಡ್ಡದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಪುಡಿ ವಾರಗಟ್ಟಲೆ ಕೆಡುವುದಿಲ್ಲ, ಕೊಂಡೊಯ್ಯಿರಿ. ಆದರೆ ಕರ್ಜಿಕಾಯಿಯ ಹೂರಣಕ್ಕೆ ಅವ್ವ ಗಸಗಸೆ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಲೇಬೇಕು. ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ ವಸ್ತು, ಅಡುಗೆಮನೆಯ ಡಬ್ಬಿಯಲ್ಲಿರುವ ಸಾಮಾನು ಅಲ್ಲಿ ಮಾದಕ ವಸ್ತುವಿನ ಕಾಯಿದೆಗೆ ಸಿಕ್ಕಿಬೀಳುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಯಾವುದೇ ತಿನಿಸು, ಬೀಜ, ಮರದ ವಸ್ತು ಒಯ್ದರೂ ಚೀಟಿಯಲ್ಲಿ ಘೋಷಿಸಬೇಕು. ಮುಚ್ಚಿಟ್ಟರೆ ದಂಡ ತೆರಬೇಕಾಗುತ್ತದೆ.

ಔಷಧಿಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಇಡಬೇಕು. ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿನ ಔಷಧದ ಕೊಡೀನ್ ಅರಬ್ ಸಂಸ್ಥಾನದಲ್ಲಿ ಮುಂಚಿತ ಅನುಮತಿ ಬೇಡುವ ಪದಾರ್ಥಗಳು. ಜಪಾನಿನಲ್ಲಿ ಕೆಲವು ಶೀತದ ಮಾತ್ರೆಗಳಿಗೂ ನಿರ್ಬಂಧವಿದೆ.

ಕಾಣಿಕೆಗೆಂದು ಪೇಟೆಯ ಪ್ಲಾಸ್ಟಿಕ್ ವಸ್ತು ಬೇಡ. ಕಿನ್ನಾಳದ ಬಣ್ಣದ ಮರದ ಬೊಂಬೆ, ಸಂಡೂರಿನ ಲಂಬಾಣಿ ಕಸೂತಿಯ ಚೀಲ, ಆನೆಗೊಂದಿಯ ಬಾಳೆನಾರಿನ ವಸ್ತು ಹಗುರವೂ ಹೌದು, ಇದು ನಮ್ಮೂರಿನದು ಎಂದು ಹೇಳಿಕೊಳ್ಳಲೂ ಬರುತ್ತದೆ. ಜಪಾನಿನಲ್ಲಿ ಕಾಣಿಕೆಯನ್ನು ಎರಡೂ ಕೈಯಲ್ಲಿ ಕೊಡುತ್ತಾರೆ, ಪಡೆದವರು ಕೊಟ್ಟವರೆದುರು ಸಾಮಾನ್ಯವಾಗಿ ಬಿಚ್ಚುವುದಿಲ್ಲ; ಅಲ್ಲಿ ನಾಲ್ಕು ಎಂಬ ಅಂಕಿ ಸಾವಿನ ಪದದಂತೆ ಕೇಳಿಸುವುದರಿಂದ ನಾಲ್ಕರ ಲೆಕ್ಕದಲ್ಲಿ ಏನನ್ನೂ ಕೊಡಬಾರದು.

ಪಯಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಯಚೂರಿನವರಿಗೆ ಹೈದರಾಬಾದಿನ ವಿಮಾನ ನಿಲ್ದಾಣ ಹತ್ತಿರ. ಹೊಸಪೇಟೆ, ಬಳ್ಳಾರಿ ಕಡೆಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರು ಸೇರಬಹುದು. ಬಳ್ಳಾರಿಯಿಂದ ಅನಂತಪುರದ ಮೇಲೆ ರಸ್ತೆಯಲ್ಲಿ ಹೋದರೆ ದೇವನಹಳ್ಳಿಯ ನಿಲ್ದಾಣ ಬೆಂಗಳೂರಿಗಿಂತ ಮೊದಲೇ ಸಿಗುತ್ತದೆ. ವಿಮಾನದ ಹೊತ್ತಿಗಿಂತ ಮೂರು ಗಂಟೆ ಮೊದಲು ಅಲ್ಲಿರಬೇಕು.

ಏಳನೆಯ ಹಂತ: ಇಳಿದ ಮೊದಲ ದಿನ ಸುಮ್ಮನೆ ನೋಡಿ

ಮೊದಲ ದಿನ ಯಾವ ಪ್ರಸಿದ್ಧ ಸ್ಥಳಕ್ಕೂ ಹೋಗದೆ, ತಂಗಿದ ಬೀದಿಯ ಒಂದು ಚಹಾ ಅಂಗಡಿಯಲ್ಲೋ ಬಸ್ ನಿಲ್ದಾಣದಲ್ಲೋ ಎರಡು ಗಂಟೆ ಕುಳಿತುಕೊಳ್ಳಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಜನ ಸಾಲು ಹೇಗೆ ನಿಲ್ಲುತ್ತಾರೆ, ಹಣವನ್ನು ಕೈಗೆ ಕೊಡುತ್ತಾರೋ ತಟ್ಟೆಯಲ್ಲಿಡುತ್ತಾರೋ, ಹಿರಿಯರು ಬಂದಾಗ ಏಳುತ್ತಾರೋ ಇಲ್ಲವೋ, ಎಷ್ಟು ಗಟ್ಟಿಯಾಗಿ ಮಾತನಾಡುತ್ತಾರೆ ಎಂಬುದೆಲ್ಲ ಅಲ್ಲಿಯೇ ಕಾಣುತ್ತದೆ. ಕೊನೆಯದು ನಮಗೆ ಮುಖ್ಯ. ಬಿಸಿಲು ನಾಡಿನ ನಮ್ಮ ಮಾತು ಹೊಲದ ಈ ತುದಿಯಿಂದ ಆ ತುದಿಗೆ ಕೇಳುವಂತಹುದು. ಪ್ರೀತಿಯ ಮಾತೂ ಜಗಳದಂತೆ ಕೇಳಿಸುತ್ತದೆ. ಜಪಾನಿನ ರೈಲಿನಲ್ಲಿ ಫೋನಿನಲ್ಲಿ ಮಾತನಾಡುವುದೇ ಅಸಭ್ಯ, ಅಲ್ಲಿ ದನಿ ಇಳಿಸದಿದ್ದರೆ ಇಡೀ ಡಬ್ಬಿ ನಮ್ಮತ್ತ ತಿರುಗುತ್ತದೆ. ಹೌದೆಂಬುದಕ್ಕೆ ನಾವು ತಲೆಯನ್ನು ಅತ್ತಿತ್ತ ಆಡಿಸುವುದೂ ಹೊರಗಿನವರಿಗೆ ಅರ್ಥವಾಗದು, ಬಾಯಿಬಿಟ್ಟು ಹೌದೆನ್ನಿ.

ಇಥಿಯೋಪಿಯಾದಲ್ಲಿ ಗಡಿಯಾರವನ್ನೇ ಹೊಸದಾಗಿ ಕಲಿಯಬೇಕು. ಅಲ್ಲಿ ದಿನದ ಎಣಿಕೆ ಸೂರ್ಯೋದಯದಿಂದ, ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ವರ್ಷಕ್ಕೆ 13 ತಿಂಗಳು. ಸಮಯ ಗೊತ್ತುಮಾಡುವಾಗ ಯಾರ ಗಡಿಯಾರ ಎಂದು ಕೇಳಿಕೊಳ್ಳಿ.

ಎಂಟನೆಯ ಹಂತ: ಪೂಜಾಸ್ಥಳಗಳಲ್ಲಿ

ನಾನು ನಾಚಿಕೆಪಟ್ಟ ಪ್ರಸಂಗವೊಂದು ಇಲ್ಲಿ ಸೇರುತ್ತದೆ. ಶ್ರೀಲಂಕಾದ ವಿಹಾರವೊಂದರಲ್ಲಿ ಬುದ್ಧನ ಮೂರ್ತಿಗೆ ಬೆನ್ನು ಹಾಕಿ ನಿಂತು ಚಿತ್ರ ತೆಗೆಸಿಕೊಳ್ಳಲು ಹೋದೆ. ಅಲ್ಲಿದ್ದ ವೃದ್ಧರೊಬ್ಬರು ಗದರಲಿಲ್ಲ, ನನ್ನ ಭುಜ ಹಿಡಿದು ಮೂರ್ತಿಯ ಕಡೆಗೆ ಮೆಲ್ಲಗೆ ತಿರುಗಿಸಿದರು. ವಿರೂಪಾಕ್ಷನ ಗುಡಿಯಲ್ಲಿ ಚಪ್ಪಲಿ ಮೆಟ್ಟಿ ಒಳಗೆ ಬಂದ ಪ್ರವಾಸಿಗನನ್ನು ನೋಡಿ ನಾನು ಎಷ್ಟು ಸಲ ಹುಬ್ಬು ಗಂಟಿಕ್ಕಿದ್ದೆನೋ ಅದೆಲ್ಲ ಆ ಗಳಿಗೆಯಲ್ಲಿ ನೆನಪಾಯಿತು. ಶ್ರೀಲಂಕಾದಲ್ಲಿ ಬುದ್ಧನಿಗೆ ಬೆನ್ನು ಮಾಡುವುದು ಅಗೌರವ; ಬುದ್ಧನ ಹಚ್ಚೆ ಹಾಕಿಸಿಕೊಂಡು ಬಂದ ಪ್ರವಾಸಿಗರನ್ನು ಹಿಂದಕ್ಕೆ ಕಳುಹಿಸಿದ್ದೂ ಉಂಟು.

ಥಾಯ್ಲೆಂಡಿನಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು, ಮೂರ್ತಿಯತ್ತ ಪಾದ ಚಾಚಿ ಕೂರಬಾರದು, ಮಕ್ಕಳದ್ದಾದರೂ ತಲೆ ಮುಟ್ಟಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ, ಏನಾದರೂ ಕೊಡುವುದಿದ್ದರೆ ನೇರವಾಗಿ ಕೈಗೆ ಕೊಡದೆ ಎದುರಿಗಿಡಬೇಕು. ರಾಜಮನೆತನದ ಬಗ್ಗೆ ಹಗುರವಾಗಿ ಮಾತನಾಡುವುದು ಅಲ್ಲಿ ಜೈಲಿಗೆ ಕಳುಹಿಸುವ ಅಪರಾಧ. ಭೂತಾನದಲ್ಲಿ ಸ್ತೂಪಗಳಿಗೆ ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ. ಬಾಲಿಯ ಗುಡಿಗೆ ಸೊಂಟಕ್ಕೆ ಪಂಚೆಯಂತಹ ಸಾರಂಗ್ ಉಡಬೇಕು. ಬೀದಿಯಲ್ಲಿ, ಅಂಗಡಿಯ ಬಾಗಿಲಲ್ಲಿ ತೆಂಗಿನ ಗರಿಯ ಪುಟ್ಟ ದೊನ್ನೆಯಲ್ಲಿ ಹೂವಿಟ್ಟಿರುತ್ತಾರೆ, ಅದು ದೇವರಿಗಿಟ್ಟ ಕಾಣಿಕೆಯಾದ್ದರಿಂದ ತುಳಿಯದೆ ನಡೆಯಬೇಕು.

ದೊಡ್ಡ ಪರೀಕ್ಷೆ ಬರುವುದು ನಮ್ಮದೇ ದೇವರು ಬೇರೆ ವೇಷದಲ್ಲಿ ಎದುರಾದಾಗ. ಅಂಜನಾದ್ರಿಯ ಹನುಮ ನಮಗೆ ಬ್ರಹ್ಮಚಾರಿ. ರಾಮಕಿಯೆನ್‌ನ ಹನುಮಾನ್ ರಸಿಕ. ಸೇತುವೆ ಕಟ್ಟುವುದನ್ನು ತಡೆಯಲು ಬಂದ ಮತ್ಸ್ಯಕನ್ಯೆ ಸುವನ್ನಮಚ್ಛಾಳನ್ನೇ ಒಲಿಸಿಕೊಳ್ಳುತ್ತಾನೆ. ಥಾಯ್ ಮಾರ್ಗದರ್ಶಕಿ ಇದನ್ನು ನಗುತ್ತ ಹೇಳುವಾಗ ನಮ್ಮ ಕಡೆಯ ಹಿರಿಯರೊಬ್ಬರು ವಾದಕ್ಕೆ ನಿಂತದ್ದನ್ನು ನಾನು ಕಂಡಿದ್ದೇನೆ. ವಾದದಿಂದ ಅವರ ಹನುಮಾನ್ ಬದಲಾಗಲಿಲ್ಲ, ಅವಳು ಮುಂದಿನ ಕಥೆ ಹೇಳುವುದನ್ನು ನಿಲ್ಲಿಸಿದಳು. ಮೊಹರಮ್ಮಿನಲ್ಲಿ ಎಲ್ಲ ಜಾತಿಯವರೂ ಅಲಾಯಿ ಕುಣಿಯುವ ಸೀಮೆಯಿಂದ ಬಂದ ನಮಗೆ ಒಂದೇ ದೇವರು ಹಲವು ಬಗೆಯಲ್ಲಿ ಇರುವುದು ಹೊಸದಾಗಬಾರದು.

ಒಂಬತ್ತನೆಯ ಹಂತ: ಊಟದ ಪಂಕ್ತಿಯಲ್ಲಿ

ಮಾಂಸ ತಿನ್ನದವರು ‘ಸಸ್ಯಾಹಾರಿ’ ಎಂಬ ಮಾತನ್ನು ನಂಬಿ ಕೂರಬಾರದು. ಥಾಯ್ ಪಲ್ಯಕ್ಕೆ ಮೀನಿನ ರಸ ಬೀಳುತ್ತದೆ, ಜಪಾನಿನ ಸಾರಿನ ತಳದಲ್ಲಿ ಒಣಮೀನಿನ ತಿಳಿ ಇರುತ್ತದೆ, ಬಡಿಸುವವರಿಗೆ ಅದು ಮಾಂಸವೆಂದು ಅನಿಸುವುದೇ ಇಲ್ಲ. ಥಾಯ್ಲೆಂಡಿನಲ್ಲಿ ‘ಜೇ’, ವಿಯೆಟ್ನಾಮಿನಲ್ಲಿ ‘ಚಾಯ್’ ಎಂದು ಕೇಳಬೇಕು. ಜೇ ಅಂಗಡಿಗಳ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುತ್ತದೆ, ಅಲ್ಲಿ ಬೆಳ್ಳುಳ್ಳಿಯೂ ಇಲ್ಲ. ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಇಂಜೆರಾದ ಮೇಲೆ ಬಗೆಬಗೆಯ ಬೇಳೆ ಪಲ್ಯಗಳು ಸಿಗುತ್ತವೆ. ಹುದುಗು ಬಂದ ದೊಡ್ಡ ದೋಸೆಯಂತಿರುವ ಆ ಇಂಜೆರಾವನ್ನು ಎಲ್ಲರೂ ಒಂದೇ ತಟ್ಟೆಯಿಂದ ಬಲಗೈಯಲ್ಲಿ ಮುರಿದು ತಿನ್ನುತ್ತಾರೆ, ಮತ್ತು ಮನೆಯವರು ಅತಿಥಿಯ ಬಾಯಿಗೆ ತಾವೇ ತುತ್ತು ಇಡುತ್ತಾರೆ; ಅದಕ್ಕೆ ‘ಗುರ್ಷಾ’ ಎನ್ನುತ್ತಾರೆ, ಬೇಡವೆನ್ನಬಾರದು. ಕಾಫಿಯನ್ನು ಮೂರು ಸುತ್ತು ಕೊಡುತ್ತಾರೆ, ಮೂರನೆಯದರ ಹೆಸರು ‘ಬರಕಾ’, ಅಂದರೆ ಆಶೀರ್ವಾದ. ಅದಕ್ಕೆ ಮೊದಲೇ ಎದ್ದುಹೋಗುವುದು ಮರ್ಯಾದೆಯಲ್ಲ.

ಜಪಾನಿನಲ್ಲಿ ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು. ಅದು ಸತ್ತವರಿಗೆ ಎಡೆ ಇಡುವ ರೀತಿ. ಖಾರದ ಬಗ್ಗೆ ನಮಗಿರುವ ಜಂಬಕ್ಕೆ ಭೂತಾನದಲ್ಲಿ ತಕ್ಕ ಉತ್ತರ ಸಿಗುತ್ತದೆ. ಅಲ್ಲಿ ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಎಮಾ ದಾತ್ಸಿ ಎಂದರೆ ಮೆಣಸಿನಕಾಯಿ ಮತ್ತು ಚೀಸ್‌ನ ಪಲ್ಯ. ಬಳ್ಳಾರಿಯ ಒಗ್ಗರಣೆ ಮಿರ್ಚಿ ತಿಂದು ಬೆಳೆದವನೆಂದು ಎದೆಯುಬ್ಬಿಸಿ ಕೂತ ನಾನು ಅರ್ಧಕ್ಕೇ ಮೊಸರು ಕೇಳಿದೆ.

ಹೊಸದನ್ನು ರುಚಿ ನೋಡಿ, ಒಗ್ಗದಿದ್ದರೆ ಹೊಟ್ಟೆ ತುಂಬಿದೆ ಎನ್ನಿ. ನಿಮ್ಮ ರೊಟ್ಟಿ ಚಟ್ನಿಯನ್ನು ಮುಚ್ಚಿಟ್ಟು ಕೋಣೆಯಲ್ಲಿ ತಿನ್ನುವ ಬದಲು ಮನೆಯವರ ಮುಂದಿಟ್ಟರೆ ಮಾತಿಗೆ ದಾರಿಯಾಗುತ್ತದೆ.

ಹತ್ತನೆಯ ಹಂತ: ಮಾತು, ಚಿತ್ರ, ತೊಂದರೆ

ಸಂಬಳವೆಷ್ಟು, ಮದುವೆಯಾಗಿದೆಯೇ, ಮಕ್ಕಳೇಕಿಲ್ಲ ಎಂಬ ಪ್ರಶ್ನೆಗಳು ನಮ್ಮಲ್ಲಿ ಅಕ್ಕರೆಯ ಗುರುತು. ಯುರೋಪಿನಲ್ಲಿ ಅವೇ ಪ್ರಶ್ನೆಗಳು ಮನೆಯ ಕಪಾಟು ತೆರೆದು ನೋಡಿದಂತೆ. ಊಟ, ಹವೆ, ಅವರ ಊರಿನ ಬಗ್ಗೆ ಕೇಳಿ. ಅರಬ್ ದೇಶಗಳಲ್ಲಿ ಹೆಂಗಸರಿಗೆ ಗಂಡಸರು ತಾವಾಗಿ ಕೈ ನೀಡಬಾರದು. ಚಿತ್ರ ತೆಗೆಯುವ ಮೊದಲು ಕೇಳಬೇಕೆಂಬುದನ್ನು ಹೊಳೆಯ ದಂಡೆಯ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ, ಅದರ ಪ್ರತಿಯೊಡನೆ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪಾಸ್‌ಪೋರ್ಟ್, ವೀಸಾಗಳ ನಕಲನ್ನು ಮನೆಯಲ್ಲೊಂದು, ಪೆಟ್ಟಿಗೆಯಲ್ಲೊಂದು, ಫೋನಿನಲ್ಲೊಂದು ಇಟ್ಟಿರಬೇಕು. ಯುರೋಪಿನಲ್ಲಿ ತುರ್ತು ಕರೆಗೆ 112, ಥಾಯ್ಲೆಂಡಿನ ಪ್ರವಾಸಿ ಪೊಲೀಸರಿಗೆ 1155.

ಹನ್ನೊಂದನೆಯ ಹಂತ: ಬರೆದಿಡುವುದು

ಪ್ರತಿ ರಾತ್ರಿ ಒಂದು ಪುಟ ಬರೆಯಿರಿ. ಹೆರಾತಿನಿಂದ 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕ್ ಕೋಟೆ, ಅರಮನೆಗಳ ಜೊತೆಗೆ ಇಲ್ಲಿನವರು ವೀಳ್ಯದೆಲೆ ಹೇಗೆ ಮೆಲ್ಲುತ್ತಾರೆಂಬುದನ್ನೂ ಬರೆದ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯೆಸ್ ನಗರವನ್ನು ರೋಮಿಗೆ ಹೋಲಿಸಿದ, ಮಾರುಕಟ್ಟೆಯನ್ನೂ ಮಹಾನವಮಿಯನ್ನೂ ಕಣ್ಣಿಗೆ ಕಂಡಂತೆ ದಾಖಲಿಸಿದ. ನಮ್ಮ ನೆಲದ ಎಷ್ಟೋ ಸಂಗತಿಗಳು ಇಂತಹ ಅತಿಥಿಗಳ ಬರವಣಿಗೆಯಿಂದಲೇ ನಮಗೆ ತಿಳಿದಿವೆ. ಆದ್ದರಿಂದ ಸ್ಮಾರಕದ ಎತ್ತರವನ್ನಲ್ಲ, ಅದು ಎಲ್ಲಿಯಾದರೂ ಸಿಗುತ್ತದೆ, ಆ ದಿನ ಯಾರು ಏನು ತಿನ್ನಿಸಿದರು, ಯಾವ ತಪ್ಪಿಗೆ ಹೇಗೆ ತಿದ್ದಿದರು, ಯಾವ ಮಾತಿಗೆ ನಕ್ಕರು ಎಂಬುದನ್ನು ಬರೆಯಿರಿ. ಬೈದದ್ದನ್ನೂ ಬರೆಯಿರಿ.

ಊರಿಗೆ ಮರಳಿದ ವಾರದೊಳಗೆ, ಮನೆಗೆ ಕರೆದು ಊಟವಿಕ್ಕಿದವರಿಗೆಲ್ಲ ಅವರ ಚಿತ್ರಗಳನ್ನು ಕಳುಹಿಸಿ, ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬರುವಂತೆ ಆಮಂತ್ರಣ ಕೊಡಿ. ಬಂದರೆ ಮಹಾದಾಸೋಹದ ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ, ರೊಟ್ಟಿ ಮುರಿಯುವುದನ್ನು ತೋರಿಸಿ, ಮತ್ತು ಅವರ ತಟ್ಟೆಗೆ ಬೀಳುವ ಚಟ್ನಿಯ ಮೇಲೆ ಒಂದು ಕಣ್ಣಿಡಿ.